ಪಾಲಿಗೆ ಬಂದ ಅರ್ಧ ವೈರು

ನಮ್ಮ ಅಂಗಡಿ ಶ್ರೀರಂಗಪಟ್ಟಣದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿತ್ತು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತಾಲ್ಲೂಕು ಕಚೇರಿಯ ಅರ್ಜಿ, ವಕೀಲರ ಕರಡು, ಎಲ್ಲವನ್ನೂ ಟೈಪು ಮಾಡಿಕೊಡುತ್ತಿದ್ದೆವು. ನಾನು ಮತ್ತು ನನ್ನ ತಮ್ಮ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಊರಿನಲ್ಲಿ ಕಂಪ್ಯೂಟರ್ ಇದ್ದ ಅಂಗಡಿಗಳೇ ಕಡಿಮೆ, ನಮ್ಮಲ್ಲಿ ಎರಡಿದ್ದವು. ಎರಡಕ್ಕೂ ನಡುವೆ ಒಂದು ದಪ್ಪನೆಯ ಕರೀ ವೈರು. ನಾನು ಒಕ್ಕಣೆ ಟೈಪು ಮಾಡಿ, ಆ ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ಬಂದ ಪಟ್ಟಿಯಲ್ಲಿ ತಮ್ಮನ ಕಡೆಗೆ ಕಳಿಸಿಬಿಟ್ಟರೆ ಮುಗಿಯಿತು. ಅವನು ಅದಕ್ಕೆ ಗಣಪತಿ, ಬಳ್ಳಿ, ಅಂಚು ಎಲ್ಲ ಕೂರಿಸಿ ಪ್ರಿಂಟು ತೆಗೆಯುತ್ತಿದ್ದ. ಕೂತಲ್ಲಿಂದ ಯಾರೂ ಏಳಬೇಕಾಗಿರಲಿಲ್ಲ.

ನಾವು ಬೇರೆಯಾದದ್ದು ಯಾಕೆ ಎಂದು ಕೇಳಿದರೆ ಅವನೊಂದು ಹೇಳುತ್ತಾನೆ, ನಾನೊಂದು ಹೇಳುತ್ತೇನೆ. ನನ್ನ ಮಾತೇ ಸರಿ. ಅದಿರಲಿ. ಕೃಷ್ಣರಾಜಪೇಟೆ ಕಡೆಯ ಅಕ್ಕಿಹೆಬ್ಬಾಳಿನಿಂದ ನಮ್ಮ ಸೋದರಮಾವ ಬಂದು ಪಾಲು ಮಾಡಿದರು. ಅವರು ಗದ್ದೆ, ತೋಟ, ದನಕರು ಪಾಲು ಮಾಡುವುದರಲ್ಲಿ ಪಳಗಿದ ಕೈ. ನಮ್ಮ ಕಡೆಯ ಪದ್ಧತಿ ಗೊತ್ತಲ್ಲ: ದೊಡ್ಡವನು ಪಾಲು ಹಾಕಬೇಕು, ಚಿಕ್ಕವನು ಮೊದಲು ಆರಿಸಿಕೊಳ್ಳಬೇಕು. ನಾನು ಎರಡು ಕಂಪ್ಯೂಟರನ್ನೂ ಅಕ್ಕಪಕ್ಕ ಇಟ್ಟೆ. ತಮ್ಮ ಒಂದು ಕ್ಷಣವೂ ಯೋಚಿಸದೆ ತನ್ನ ಕಡೆಯದನ್ನೇ ಮುಟ್ಟಿದ. ಅಷ್ಟು ಬೇಗ ಮುಟ್ಟಿದ್ದೇ ನನಗೆ ಸರಿಬರಲಿಲ್ಲ.

ಎಲ್ಲ ಮುಗಿದ ಮೇಲೆ ಆ ವೈರು ಉಳಿಯಿತು. ಅದು ಯಾರಿಗೆ? ಅವನಿಗೂ ಬೇಕಾಗಿರಲಿಲ್ಲ, ನನಗೂ ಬೇಕಾಗಿರಲಿಲ್ಲ. ಆದರೆ ಬಿಟ್ಟುಕೊಡಲು ಇಬ್ಬರಿಗೂ ಮನಸ್ಸಿರಲಿಲ್ಲ. ಮಾವ ಅದನ್ನು ಎಳೆದು, ಬಾವಿಯ ಹಗ್ಗ ಅಳೆಯುವ ಹಾಗೆ ಮೊಳ ಹಾಕಿ ಅಳೆದರು.

"ನಾಳೆ ಇದುಕ್ಕೂ ಒಂದ್ ಪಂಚಾಯ್ತಿ ಬ್ಯಾಡ ಕಣ್ರಲಾ," ಎಂದು ನಡುವಿಗೆ ಮಡಿಸಿ, ಕುಡುಗೋಲಿನಿಂದ ಕತ್ತರಿಸಿ, ಒಬ್ಬೊಬ್ಬರ ಕೈಗೆ ಅರ್ಧರ್ಧ ಕೊಟ್ಟರು.

ಅಂಗಡಿಯ ನಡುವೆ ಪ್ಲೈವುಡ್ ಗೋಡೆ ಎದ್ದಿತು. ತಮ್ಮ ತನ್ನ ಹೆಂಡತಿಯೊಡನೆ ಊರೊಳಗೆ ಬಾಡಿಗೆ ಮನೆ ಹಿಡಿದ. ಬಾಬುರಾಯನಕೊಪ್ಪಲಿನ ಮನೆಯಲ್ಲಿ ನಾನು, ನನ್ನ ಹೆಂಡತಿ, ಅವ್ವ ಉಳಿದೆವು. ಅವ್ವ ಅತ್ತೂ ಕರೆದೂ ಮಾಡಲಿಲ್ಲ. ಇಬ್ಬರನ್ನೂ ನಿಲ್ಲಿಸಿಕೊಂಡು ಒಂದೇ ಮಾತು ಹೇಳಿದಳು: "ಅಂಗ್ಡಿ ಒಡ್ಕಳಿ, ಮನೆ ಒಡ್ಕಳಿ. ನಿಮ್ಮಪ್ಪನ ಎಡೆ ಮಾತ್ರ ಒಡೀಬ್ಯಾಡಿ. ಪಿತೃಪಕ್ಷಕ್ಕೆ ಇಬ್ರೂ ಒಂದೇ ಎಲೆ ಮುಂದೆ ನಿಂತ್ಕಬೇಕು." ನಾವು ಆಗಲಿ ಎಂದು ತಲೆಯಾಡಿಸಿದೆವು.

ಮಾರನೆಯ ದಿನವೇ ನನ್ನ ಕಂಪ್ಯೂಟರು ಕೆಟ್ಟಿತು. ಪೂರ್ತಿ ಕೆಟ್ಟಿದ್ದರೆ ಸಮಾಧಾನವಿರುತ್ತಿತ್ತು. ಟೈಪು ಮಾಡಿದರೆ ಸರಿ, ಪ್ರಿಂಟು ಕೊಟ್ಟರೆ ಸರಿ. ಯಾವುದಾದರೂ ಫೈಲಿನ ಮೇಲೆ ಬಲಗುಂಡಿ ಒತ್ತಿದೆನೋ, ಅಲ್ಲಿಗೆ ನಿಂತಿತು. ಬಾಣದ ಗುರುತು ಮರಳುಗಡಿಯಾರವಾಗಿ, ಕೀಲಿ ಒತ್ತಿದರೂ ಇಲ್ಲ, ಬೈದರೂ ಇಲ್ಲ. ರೀಸೆಟ್ ಗುಂಡಿ ಒತ್ತಿ ಮತ್ತೆ ಮೊದಲಿನಿಂದ ಶುರುಮಾಡಬೇಕು. ಫೈಲಿನ ಹೆಸರು ಬದಲಿಸಲು, ನಕಲು ಮಾಡಲು, ಅಳಿಸಲು ನನಗೆ ಗೊತ್ತಿದ್ದದ್ದು ಬಲಗುಂಡಿಯ ದಾರಿ ಒಂದೇ. ಗಿರಾಕಿಯ ಎದುರಿಗೇ ನಿಂತುಬಿಟ್ಟಾಗ ಮೈ ಉರಿದುಹೋಗುತ್ತಿತ್ತು.

ಒಳ್ಳೆಯದನ್ನು ಆರಿಸಿಕೊಂಡು, ಇದಕ್ಕೆ ಏನೋ ಇಟ್ಟು ಹೋಗಿದ್ದಾನೆ. ಮೊದಲು ಬಂದ ಯೋಚನೆ ಇದೇ. ಆದರೂ ಅವಸರ ಬೇಡವೆಂದು ಮೌಸನ್ನೇ ಅನುಮಾನಿಸಿದೆ. ಹೊಟ್ಟೆ ಬಿಚ್ಚಿ, ಒಳಗಿನ ಗುಂಡು ತೊಳೆದು, ಕೂದಲು ಕಿತ್ತು ಹಾಕಿದೆ. ಮೈಸೂರಿಗೆ ಹೋಗಿ ಹೊಸದು ತಂದೆ. ಹೊಸದರದೂ ಅದೇ ಹಾಡು.

ಪಾಂಡವಪುರದಿಂದ ರಿಪೇರಿಯವನನ್ನು ಕರೆಸಿದೆ. ಎರಡೂ ಕಂಪ್ಯೂಟರನ್ನು ಮೊದಲು ಕೂರಿಸಿಕೊಟ್ಟವನು ಅವನೇ. ಬಂದವನು ನನ್ನ ಅಂಗಡಿಗೆ ಬರುವ ಮುಂಚೆ ಪ್ಲೈವುಡ್ಡಿನ ಆಚೆ ಹೋಗಿ ಅರ್ಧ ಗಂಟೆ ಕೂತಿದ್ದ. ಗುಸುಗುಸು ಕೇಳಿಸಿತು, ಮಾತು ಕೇಳಿಸಲಿಲ್ಲ. ಆಮೇಲೆ ಈಚೆ ಬಂದು, ಫ್ಲಾಪಿ ಹಾಕಿ ವೈರಸ್ ಹುಡುಕಿದ, ಸಿಗಲಿಲ್ಲ.

"ಎಲ್ಲಾ ಅಳಿಸಿ ಒಸದಾಗಿ ಹಾಕ್ಬುಡ್ತೀನಿ ಸಾರ್, ಸರಿಹೋಯ್ತದೆ," ಎಂದ.

"ಎಲ್ಲಾ ಅಂದ್ರೆ?"

"ಎಲ್ಲಾನೂವೆ. ಫೈಲು, ಅಕ್ಷರ, ಸಮಸ್ತ."

ಅಂದರೆ ನಾನು ವರ್ಷಗಟ್ಟಲೆ ಕೂಡಿಟ್ಟ ಲಗ್ನಪತ್ರಿಕೆಗಳು, ಒಕ್ಕಣೆಗಳು, ಗಿರಾಕಿಗಳ ಕಡತ ಎಲ್ಲ ಗುಡಿಸಿ ಹಾಕುವ ಮಾತು. ಆಚೆ ಕಡೆ ಅರ್ಧ ಗಂಟೆ ಕೂತು ಬಂದದ್ದು ಇದಕ್ಕೇನಾ ಎಂದು ನೇರವಾಗಿ ಕೇಳಿದೆ. ಅವನು ಮುಖ ಕೆಂಪಗೆ ಮಾಡಿಕೊಂಡು ಚೀಲ ಎತ್ತಿಕೊಂಡು ಹೊರಟುಹೋದ. ಹೋಗಲಿ ಬಿಡು ಎಂದು ನಾನೂ ಕರೆಯಲಿಲ್ಲ.

ಹೆಂಡತಿ ನಾಗಮಂಗಲದ ಬಿಂಡಿಗನವಿಲೆಯವಳು. ಅವಳ ಅನುಮಾನ ಇನ್ನೊಂದು ದಿಕ್ಕಿನದು: ವಾರಗಿತ್ತಿಯ ಕಣ್ಣು. ತವರಿಗೆ ಹೋದವಳು ಮಂತ್ರಿಸಿದ ಕರೀ ದಾರ ತಂದು ಮಾನಿಟರಿನ ಕೊರಳಿಗೆ ಕಟ್ಟಿದಳು. ನಾನು ನಕ್ಕೆ. ಆದರೆ ಬಿಚ್ಚಲಿಲ್ಲ.

ಇಷ್ಟರ ನಡುವೆ ನನಗೆ ತಲೆ ಕೆಡಿಸಿದ್ದು ಇನ್ನೊಂದು. ಕಂಪ್ಯೂಟರು ಹೊಸದಾಗಿ ಶುರುವಾಗುವಾಗ ಒಂದು ನಾದ ಬರುತ್ತದಲ್ಲ, ಪ್ಲೈವುಡ್ಡಿನ ಆಚೆಯಿಂದ ಅದು ದಿನವಿಡೀ ಕೇಳಿಸುತ್ತಿತ್ತು. ಬೆಳಗ್ಗೆ ಅಂಗಡಿ ತೆರೆದಾಗ ಒಮ್ಮೆ ಬರಬೇಕಾದ್ದು ಮಧ್ಯಾಹ್ನವೂ ಬರುತ್ತಿತ್ತು, ಸಂಜೆಯೂ ಬರುತ್ತಿತ್ತು. ನನ್ನದು ನಿಂತು ನಾನು ರೀಸೆಟ್ ಒತ್ತಿದ ಸ್ವಲ್ಪ ಹೊತ್ತಿಗೇ ಅಲ್ಲೂ ಆ ನಾದ. ನನ್ನನ್ನು ಅಣಕಿಸುತ್ತಿದ್ದಾನೆ ಎಂದುಕೊಂಡೆ. ಒಡಹುಟ್ಟಿದವನು ಹೀಗೆ ಮಾಡುತ್ತಾನಲ್ಲ ಎಂದು ಊಟ ಸೇರುತ್ತಿರಲಿಲ್ಲ.

ಪಿತೃಪಕ್ಷ ಹತ್ತಿರ ಬಂತು. ನಾನು ಅವ್ವನಿಗೆ ಹೇಳಿಬಿಟ್ಟೆ: "ಪಾಲಲ್ಲಿ ಮೋಸ ಮಾಡಿದೋನ ಜೊತೆ ನಾನು ಎಡೆ ಇಡೋದಿಲ್ಲ. ಮಾವನ್ನ ಕರೆಸ್ತೀನಿ, ಅವರ ಮುಂದೇನೇ ತೀರ್ಮಾನ ಆಗ್ಲಿ. ಮೋಸ ಅಂತ ಆದ್ರೆ ಅವನ ಎಡೆ ಅವನಿಗೆ, ನಮ್ಮ ಎಡೆ ನಮಗೆ." ಅವ್ವ ಅಲಸಂದೆಕಾಯಿ ಬಿಡಿಸುತ್ತಿದ್ದಳು. ಕೈ ನಿಂತಿತು. ಎದ್ದು ಹಿತ್ತಲಿಗೆ ಹೋದಳು.

ಮಾವ ಬೆಳಗಿನ ರೈಲು ಹಿಡಿದು ಬಂದರು. ಅಂಗಡಿಯಲ್ಲಿ ಕುರ್ಚಿ ಹಾಕಿ ಕೂರಿಸಿ, ಒಂದು ಫೈಲಿನ ಮೇಲೆ ಬಲಗುಂಡಿ ಒತ್ತಿ ತೋರಿಸಿದೆ. ನಿಂತಿತು.

"ನೋಡಿ ಮಾವ. ಇದು ನನ್ನ ಪಾಲು."

ರೀಸೆಟ್ಟಿಗೆ ಕೈ ಹಾಕಿದ್ದೆ. ಮಾವ ಕೈ ಹಿಡಿದರು. "ಮುಟ್ಟಬ್ಯಾಡ. ಎಂಗೈತೋ ಅಂಗೇ ಇರ್ಲಿ. ಅವ್ನೂ ಬಂದು ನೋಡ್ಲಿ, ಆಮ್ಯಾಕೆ ಮಾತು." ಬದುವಿನ ಜಗಳಕ್ಕೂ ಅವರದು ಅದೇ ಕ್ರಮ; ಎರಡೂ ಕಡೆಯವರು ನೋಡುವ ತನಕ ಕಲ್ಲು ಕದಲಿಸುವ ಹಾಗಿಲ್ಲ.

ಕರೆಯಬೇಕಾಗಲಿಲ್ಲ. ಪ್ಲೈವುಡ್ಡಿಗೆ ಕಿವಿ ಕೊಟ್ಟಿದ್ದನೆಂದು ಕಾಣುತ್ತದೆ, ತಮ್ಮ ತಾನಾಗಿಯೇ ಬಂದ. ಬಂದವನ ಕಣ್ಣು ನನ್ನ ಮಾನಿಟರಿನ ಮೇಲೆ ಬಿತ್ತು. ಗಕ್ಕನೆ ನಿಂತ.

"ಇದ್ಯಾಕಣ್ಣಾ ಇಂಗಾಡ್ತಾಯಿದೀಯ? ನಂದುನ್ನ ಕೆಡಿಸ್ಬುಟ್ಟು, ಈಗ ನಿಂದೇ ಕೆಟ್ಟೈತೆ ಅಂತ ಮಾವನ್ನ ಕರ್ಸಿದೀಯಾ?"

"ನಿಂದೇನ್ಲಾ ಕೆಟ್ಟಿರೋದು?"

"ಬಲಗಡೆ ಒತ್ತುದ್ರೆ ನಿಂತೋಯ್ತದೆ! ಪಾಲು ಹಾಕ್ದೋನು ನೀನು. ಎರಡುನ್ನೂ ಇಟ್ಟೋನು ನೀನು. ಇಡಕ್ಕೆ ಮುಂಚೆ ಏನ್ ಮಾಡ್ದೋ ನಂಗೇನು ಗೊತ್ತು?"

ನಾನು ನಂಬಲಿಲ್ಲ. ಸುಳ್ಳು ಹೇಳುತ್ತಿದ್ದಾನೆ ಎಂದೆ. ನೀನೇ ಕಳ್ಳ ಎಂದ. ದನಿ ಏರಿತು, ಬೀದಿಯವರು ಬಾಗಿಲಲ್ಲಿ ನಿಂತರು. ಮಾವ ಇಬ್ಬರಿಗೂ ಮಾತಾಡಲು ಬಿಟ್ಟು ಎಲೆಗೆ ಸುಣ್ಣ ಸವರುತ್ತಿದ್ದರು. ಹಳೆಯದೆಲ್ಲ ಹೊರಗೆ ಬಂತು, ಅಪ್ಪನ ಸೈಕಲ್ಲಿನ ವಿಷಯದವರೆಗೂ.

"ಲೇ, ಅದೇನೋ ಬಂತು ನೋಡ್ರಲಾ," ಎಂದರು ಮಾವ.

ಪರದೆಯ ಮೇಲೆ ಪಟ್ಟಿ ಮೂಡಿತ್ತು. ಬಲಗುಂಡಿ ಒತ್ತಿದರೆ ಬರಬೇಕಾದ ಪಟ್ಟಿಯೇ: ತೆರೆ, ಕಳಿಸು, ಕತ್ತರಿಸು, ನಕಲು ಮಾಡು. ತಾನಾಗಿಯೇ ಬಂದಿತ್ತು. ಇಷ್ಟು ದಿನ ಅದಕ್ಕೆ ಇಷ್ಟು ಹೊತ್ತು ಕೊಟ್ಟವರೇ ಇರಲಿಲ್ಲ. ನಿಂತಿತೆಂದು ರೀಸೆಟ್ ಒತ್ತಿದ್ದೇ ಒತ್ತಿದ್ದು. ನಾನು ಕೂತು, ಬಾಣವನ್ನು ಮೆಲ್ಲಗೆ "ಕಳಿಸು" ಎಂಬಲ್ಲಿಗೆ ಒಯ್ದೆ. ಮತ್ತೆ ಮರಳುಗಡಿಯಾರ. ಈ ಸಲ ಮೂವರೂ ಸುಮ್ಮನೆ ಕಾದೆವು. ಒಳಪಟ್ಟಿ ತೆರೆಯಿತು. ಮೊದಲು ಫ್ಲಾಪಿ. ಅದರ ಕೆಳಗೆ, ಇಂಗ್ಲಿಷ್ ಅಕ್ಷರದಲ್ಲಿ ತಮ್ಮನೇ ಎಂದೋ ಬರೆದಿಟ್ಟದ್ದು: ತಮ್ಮನ ಮೇಜು.

ವೈರು ಹೋಗಿದ್ದು ನಮಗೆ ಗೊತ್ತಿತ್ತು. ಕಂಪ್ಯೂಟರಿಗೆ ಯಾರೂ ಹೇಳಿರಲಿಲ್ಲ. ಬಲಗುಂಡಿ ಒತ್ತಿದಾಗಲೆಲ್ಲ ಕಳಿಸುವ ಜಾಗಗಳನ್ನು ಹುಡುಕಲು ಹೋಗಿ, ತಮ್ಮನ ಮೇಜು ಸಿಗದೆ, ಸಿಗಬಹುದೆಂದು ಅಲ್ಲೇ ಕಾದು ನಿಲ್ಲುತ್ತಿತ್ತು.

ತಮ್ಮ ಆಚೆ ಹೋದ. ನಾನೂ ಹೋದೆ. ಬೇರೆಯಾದ ಮೇಲೆ ಆ ಕಡೆ ಕಾಲಿಟ್ಟದ್ದು ಅದೇ ಮೊದಲು. ಅವನು ಬಲಗುಂಡಿ ಒತ್ತಿ ಕೈಕಟ್ಟಿ ಕೂತ. ಕೂರುವ ತಾಳ್ಮೆ ಅವನಿಗೆ ಹುಟ್ಟಿನಿಂದ ಇಲ್ಲ. ಕಾಲು ಅಲುಗಾಡಿಸುತ್ತಲೇ ಇದ್ದ. ಕೊನೆಗೆ ಅವನದರಲ್ಲೂ ಬಂತು: ಅಣ್ಣನ ಮೇಜು.

ಈಚೆಯಿಂದ ಮಾವ ಕೂಗಿದರು. "ಏನ್ರಲಾ ಆಯ್ತು? ಯಾರ್ದು ತಪ್ಪು?"

ಕುಡುಗೋಲು ಹಿಡಿದವರಿಗೆ ಏನೆಂದು ಹೇಳುವುದು?

"ಆ ಒಂದು ಗುರ್ತು ಅಳಿಸ್ಬುಟ್ರೆ ಸರಿಹೋಯ್ತದೆ ಬುಡು," ಎಂದ ತಮ್ಮ, ನನ್ನ ಮುಖ ನೋಡದೆ.

ಪಿತೃಪಕ್ಷದ ದಿನ ಬರುತ್ತಾನೋ ಇಲ್ಲವೋ ಎಂಬ ಅನುಮಾನ ಹೋಗಿರಲಿಲ್ಲ. ಅವ್ವ ಒಂದೇ ಎಲೆ ಹಾಸಿದಳು. ಮುದ್ದೆ, ಮಾಂಸದ ಸಾರು, ವಡೆ, ಹೊಸ ಪಂಚೆ, ಅಪ್ಪನಿಗೆ ಇಷ್ಟವಾದ ಬೀಡಿಕಟ್ಟು ಎಲ್ಲ ಇಟ್ಟು, ಧೂಪ ಹಾಕದೆ ಕೂತಳು. ಹೊತ್ತು ಏರಿತು. ಸಾರು ಆರಿತು. ಅವ್ವನ ಮುಖ ನೋಡಲಾರದೆ ನಾನು ಬೀದಿಯ ತುದಿಯನ್ನೇ ನೋಡುತ್ತಿದ್ದೆ. ಆಮೇಲೆ ಅವನ ಸ್ಕೂಟರಿನ ಸದ್ದು ಕೇಳಿತು. ನನ್ನ ಎದೆ ಹಗುರವಾಯಿತು, ಸುಳ್ಳು ಹೇಳುವುದಿಲ್ಲ.

ಇಬ್ಬರೂ ಒಟ್ಟಿಗೆ ಧೂಪ ಹಾಕಿದೆವು. ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ, ಹೊರಗೆ ಜಗುಲಿಯ ಮೇಲೆ ನಿಂತೆವು. ಒಳಗಿನವರು ಉಂಡು ಮುಗಿಸುವ ತನಕ ಹೊರಗಿನವರು ಸುಮ್ಮನೆ ಕಾಯಬೇಕು, ಆಮೇಲೆ ಕೆಮ್ಮಿ ಸುಳಿವು ಕೊಟ್ಟು ಒಳಗೆ ಹೋಗಬೇಕು.

"ಅಣ್ಣಾ, ಅಳಿಸ್ದಾ ಅದುನ್ನ?"

"ಇನ್ನೂ ಇಲ್ಲ ಕಣ್ಲಾ. ನೀನು?"

"ನಾನು ಅವತ್ತೇ ಅಳಿಸ್ಬುಟ್ಟೆ."

ಚುರುಕ್ಕೆಂದಿತು. ಅವನು ಕಾಲಲ್ಲಿ ಜಗುಲಿಯ ಮಣ್ಣು ಕೆರೆಯುತ್ತಿದ್ದ.

"ಮಿಸಿನ್ನಲ್ಲಿ ತಾನೇ ಅಳ್ಸಿರೋದು," ಎಂದ. "ನಾನೇ ಬಂದಿಲ್ವಾ ಇಲ್ಲಿಗೆ?"

"ಕೆಮ್ಮಿ ಬಾಗ್ಲು ತಗೀರಿ," ಎಂದಳು ಅವ್ವ. ನಾನು ಕೆಮ್ಮಿದೆ, ಅವನು ಬಾಗಿಲು ದೂಡಿದ.

ಮರುದಿನ ಅಂಗಡಿಯಲ್ಲಿ ನಾನು ಯಾರದೋ ಲಗ್ನಪತ್ರಿಕೆ ಟೈಪು ಮಾಡುತ್ತಿದ್ದೆ. ನಡು ಮಧ್ಯಾಹ್ನ. ಕರೆಂಟೂ ಹೋಗಿರಲಿಲ್ಲ. ಪ್ಲೈವುಡ್ಡಿನ ಆಚೆ ಅವನು ಏನನ್ನೋ ಬೈದದ್ದು ಕೇಳಿಸಿತು, ರೀಸೆಟ್ ಒತ್ತಿದ ಸದ್ದು ಕೇಳಿಸಿತು, ಆಮೇಲೆ ಆ ಹಳೆಯ ನಾದ. ಅಳಿಸಿದೆ ಎಂದಿದ್ದನಲ್ಲ, ಆ ಮಾತಿನ ಮೇಲೆ ಆವತ್ತು ಹುಟ್ಟಿದ ಅನುಮಾನ ನನಗೆ ಇವತ್ತಿಗೂ ಹೋಗಿಲ್ಲ.