ಮುಂಜಾನೆಯೇ ಬಂದುಹೋದ ಫಾದರ್

ಇಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ. ಯಾರಾದರೂ ಸತ್ತವರನ್ನು ಕಂಡೆ, ಯಾರೋ ಕನಸಿನಲ್ಲಿ ಬಂದು ಹೇಳಿದರು ಎಂದರೆ ಮುಖ ತಿರುಗಿಸಿ ನಗುತ್ತಿದ್ದೆ. ನನಗಿಂತ ಹೆಚ್ಚು ನಗುತ್ತಿದ್ದವರು ನಮ್ಮ ಫಾದರ್. ದೆವ್ವ ಕಂಡೆನೆಂದು ಬೆವರುತ್ತ ಬಂದವರನ್ನು ಅವರು ಮೊದಲು ಕೇಳುತ್ತಿದ್ದದ್ದು, "ರಾತ್ರಿ ಏನ್ ಉಂಡಿದ್ದಿ?" ಎಂದು.

ಫಾದರ್ ತೀರಿಹೋಗಿ ಒಂದು ವರ್ಷವಾಯಿತು. ಅವರನ್ನು ನೆನೆದಾಗಲೆಲ್ಲ ಈ ಒಂದು ದಿನ ಮುಂದೆ ಬಂದು ನಿಲ್ಲುತ್ತದೆ. ಬರೆದಿಟ್ಟರೆ ಮನಸ್ಸು ಹಗುರಾದೀತೆಂದು ಬರೆಯುತ್ತಿದ್ದೇನೆ. ನಾನು ಓದಿದ್ದು ಹತ್ತನೇ ತರಗತಿ. ಬೆಟಗೇರಿಯಲ್ಲಿ ಮಗ್ಗ ನಡೆಸುವವನು. ಬೆಳಿಗ್ಗೆ ಚರ್ಚಿನಲ್ಲಿ ಪೂಜೆಗೆ ಬೇಕಾದ್ದನ್ನು ಅಣಿಮಾಡುವುದು, ಫಾದರ್ ಎಲ್ಲಿಗಾದರೂ ಹೊರಟರೆ ನನ್ನ ಮೋಟರ್‌ಸೈಕಲ್ ಮೇಲೆ ಕರೆದೊಯ್ಯುವುದು, ಇಷ್ಟು ನನ್ನ ಸೇವೆ.

ಅವರು ಕರಾವಳಿಯ ಕಡೆಯವರು. ತಾರುಣ್ಯದಲ್ಲಿ ಇಲ್ಲಿಗೆ ಬಂದವರು ಹಿಂದಿರುಗಿ ಹೋಗಲೇ ಇಲ್ಲ. ಲಕ್ಷ್ಮೇಶ್ವರದಲ್ಲಿ ನಾಲ್ಕು ಮನೆ, ಶಿರಹಟ್ಟಿಯಲ್ಲಿ ಎರಡು, ಮುಂಡರಗಿಯ ಆಚೆ ಒಂದೊಂದು ಹಳ್ಳಿಯಲ್ಲಿ ಒಂದೊಂದು. ಹೀಗೆ ಚದುರಿಹೋದ ನಮ್ಮವರನ್ನು ಹುಡುಕಿಕೊಂಡು ತಿರುಗುವುದೇ ಅವರ ಜೀವನವಾಯಿತು. ಇಲ್ಲಿಯ ಮಾತು ಅವರ ಬಾಯಲ್ಲಿ ಎಷ್ಟು ಕೂತಿತ್ತೆಂದರೆ, ಒಡಹುಟ್ಟಿದ ತಮ್ಮನೇ ಊರಿನಿಂದ ಬಂದಾಗ, "ನಮ್ಮಣ್ಣ ಮಾತಾಡಿದ್ದು ನನಗೇ ತಿಳಿಯುವುದಿಲ್ಲ" ಎಂದು ನಗುತ್ತಿದ್ದ. ಆಳು ಆರಡಿಗಿಂತ ಎತ್ತರ. ಯಾವುದೇ ಹೊಸ ಮನೆಗೆ ಹೋದರೂ ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಳ್ಳದೆ ಒಳಗೆ ಹೋದದ್ದನ್ನು ನಾನು ಕಂಡಿರಲಿಲ್ಲ. ಜನ ಅವರನ್ನು ಉದ್ದನ ಫಾದರ್ ಎಂದೇ ಕರೆಯುತ್ತಿದ್ದರು.

ಆ ದಿನ ಮುಂಡರಗಿಯ ಆಚೆ ಒಂದು ಊರಿನಲ್ಲಿ ಹೊಸ ಮನೆ ಮಂತ್ರಿಸುವುದಿತ್ತು, ಎಂದರೆ ಪ್ರಾರ್ಥನೆ ಹೇಳಿ ತೀರ್ಥ ಚಿಮುಕಿಸುವುದು. ಗದಗಿನಲ್ಲಿ ಬೆಳಗಿನ ಪೂಜೆ ಮುಗಿಸಿ, ಚಹಾ ಕುಡಿದು, ಒಂದು ಮಗುವಿನ ನಾಮಕರಣದ ಮಾತುಕತೆ ಮುಗಿಸಿ ಹೊರಟಾಗ ಹತ್ತೂವರೆ. ಬೆಳಕು ಹರಿದಾಗಿನಿಂದ ನಾನು ಅವರ ಜೊತೆಗೇ ಇದ್ದೆ. ಇದನ್ನು ಓದುವವರು ನೆನಪಿಡಬೇಕು.

ಕಪ್ಪತಗುಡ್ಡದ ಸಾಲು ಕಾಣುವ ಒಂದು ಹಳ್ಳಿಯ ಹತ್ತಿರ ಗಾಡಿ ಪಂಕ್ಚರ್ ಆಯಿತು. ಪುಣ್ಯಕ್ಕೆ ಬೇವಿನ ಮರದ ಕೆಳಗೆ ದಾವಲಸಾಬ ಎಂಬವರ ಪಂಕ್ಚರ್ ಅಂಗಡಿಯಿತ್ತು. ಅವರು ಫಾದರನ್ನು ನೋಡಿ, "ಮತ್ತ ಬಂದ್ರೇನ್ರಿ? ಈಗ ಗಾಡಿ ತಂದೀರಿ, ಚಲೋ ಆತು" ಎಂದರು. ಇವರನ್ನು ಎಲ್ಲರೂ ಬಲ್ಲರು ಎಂದುಕೊಂಡು ನಾನು ಗಮನ ಕೊಡಲಿಲ್ಲ.

ಅಲ್ಲಿ ಫಾದರ್ ನೀರಿನ ಬಾಟಲಿಗೆಂದು ಚೀಲ ತೆರೆದರು. ನಮ್ಮಲ್ಲಿ ಒಂದೇ ನಮೂನೆಯ ಎರಡು ಚೀಲಗಳಿದ್ದವು. ಒಂದರಲ್ಲಿ ಮನೆ ಮಂತ್ರಿಸುವ ಪುಸ್ತಕ ಮತ್ತು ತೀರ್ಥದ ಬಾಟಲಿ. ಇನ್ನೊಂದರಲ್ಲಿ ಸಾಯುವ ಸ್ಥಿತಿಯಲ್ಲಿರುವವರಿಗೆ ಹಚ್ಚುವ ಪವಿತ್ರ ತೈಲದ ಪುಟ್ಟ ಡಬ್ಬಿ, ಹತ್ತಿ, ಪ್ರಾರ್ಥನೆಯ ಪುಸ್ತಕ. ನಾನು ಎರಡನೆಯದನ್ನು ತಂದಿದ್ದೆ.

"ಲೇ ತಮ್ಮಾ, ಹೊಸ ಮನ್ಯಾಗ ಯಾರನ್ನ ಸಾಯಸಾಕ ಹೊಂಟಿಯೋ?" ಎಂದರು. ನಾನು ನಾಚಿಕೆಯಿಂದ ಕುಗ್ಗಿದೆ.

ಟಯರು ಬಿಚ್ಚುತ್ತ ದಾವಲಸಾಬ, "ಬಿಸಲಾಗ ಯಾಕ ನಿಂತೀರಿ, ಚಿನ್ನಪ್ಪನ ಮನಿಗೆ ಹೋಗಿ ಕುಂಡ್ರಿ" ಎಂದರು. ಚಿನ್ನಪ್ಪನದು ಆ ಹಳ್ಳಿಯ ಒಂದೇ ಕ್ರೈಸ್ತ ಮನೆ. ಅವನ ಹೆಸರು ನಮಗೆ ಗೊತ್ತಿತ್ತು, ಮನೆ ಗೊತ್ತಿರಲಿಲ್ಲ. ಹಿಂದಿದ್ದ ಒಬ್ಬ ಫಾದರ್ ಅವನ ಕುಡಿತದ ಬಗ್ಗೆ ಕ್ರಿಸ್‌ಮಸ್ ದಿನ ಎಲ್ಲರೆದುರು ಬೈದಿದ್ದರಂತೆ. ಅಂದಿನಿಂದ ಇಪ್ಪತ್ತು ವರ್ಷ ಚರ್ಚಿನ ಮೆಟ್ಟಿಲು ಹತ್ತಿರಲಿಲ್ಲ. ನಮ್ಮ ಫಾದರ್ ಬರುತ್ತೇನೆಂದು ಎರಡು ಸಲ ಹೇಳಿಕಳಿಸಿದಾಗಲೂ, "ಮನಿ ಹೊಸ್ತಲಾ ದಾಟಿದ್ರ ನೋಡ್ರಿ" ಎಂದು ಉತ್ತರ ಬಂದಿತ್ತು.

ಆದರೂ ಫಾದರ್ ಚೀಲ ಹೆಗಲಿಗೇರಿಸಿ ದಾವಲಸಾಬ ತೋರಿಸಿದ ದಾರಿ ಹಿಡಿದು ನಡೆದರು. ಮನೆಯ ಬಾಗಿಲ ಚೌಕಟ್ಟು ನನ್ನ ಎದೆಯ ಮಟ್ಟಕ್ಕಿಂತ ತುಸು ಮೇಲಿತ್ತು. ಹುಷಾರು ಎನ್ನುವಷ್ಟರಲ್ಲಿ ಅವರು ಚೆನ್ನಾಗಿ ಬಗ್ಗಿ, ಹಣೆ ತಾಗಿಸದೆ, ಒಳಗೆ ಹೋಗಿಬಿಟ್ಟರು. ನನಗೆ ಆಶ್ಚರ್ಯವಾಯಿತು.

ಒಳಗೆ ಚಿನ್ನಪ್ಪ ಹೊರಸಿನ ಮೇಲೆ ಮಲಗಿದ್ದ. ಉಸಿರು ಮೇಲೆ ಮೇಲೆ ಇತ್ತು. ಪಕ್ಕದಲ್ಲಿ ಒಂದು ಸಣ್ಣ ಮೇಜು. ಮೇಲೆ ಒಗೆದ ಬಿಳಿ ಬಟ್ಟೆ, ಎರಡು ಮೇಣದಬತ್ತಿ, ಶಿಲುಬೆ, ಬಟ್ಟಲಲ್ಲಿ ನೀರು. ಸಾಯುವವರಿಗೆ ತೈಲ ಹಚ್ಚಲು ಫಾದರ್ ಬರುತ್ತಾರೆಂದು ತಿಳಿದಾಗ ಮಾತ್ರ ನಮ್ಮ ಮನೆಗಳಲ್ಲಿ ಹೀಗೆ ಅಣಿಮಾಡುತ್ತಾರೆ.

ಚಿನ್ನಪ್ಪನ ಹೆಂಡತಿ ಶಾಂತವ್ವ ಸೆರಗಿಗೆ ಕೈ ಒರೆಸುತ್ತ ಬಂದಳು. "ಬರ್ರಿ ಫಾದರ್. ಹೇಳಿದಂಗ ಎಲ್ಲಾ ಹಾಸಿ ಇಟ್ಟೇನಿ."

"ಯವ್ವಾ, ನಾ ಯಾವಾಗ ಹೇಳಿದ್ನಿ?"

"ಅಯ್ಯ! ಮುಂಜಾನಿ ನಾಕು ರೊಟ್ಟಿ ತಿಂದು ಹೋದವರು ಮಧ್ಯಾಹ್ನಕ್ಕ ಮರತ್ರೇನು? ಬಾಗಲಾ ಹಣಿಗೆ ಬಡದಿದ್ದೂ ಮರತ್ರಿ? ಈಗ ಬಗ್ಗಿದ್ದ ನೋಡಿ, ಬುದ್ಧಿ ಬಂತು ಅಂದುಕೊಂಡ್ನಿ!"

ಫಾದರ್ ಹೊಟ್ಟೆಯ ಮೇಲೆ ಕೈಯಿಟ್ಟು, "ನಾಕು ರೊಟ್ಟಿ ಹೋಗಿದ್ರ ಇದು ಹಿಂಗ್ಯಾಕ ಗುರುಗುಟ್ತೈತಿ?" ಎಂದರು. ಶಾಂತವ್ವ ನಕ್ಕಳು. ಫಾದರ್ ನನ್ನ ಕಡೆ ನೋಡಿದರು. ಆ ನೋಟದಲ್ಲಿ ನಗು ಇರಲಿಲ್ಲ.

ಹೊರಸಿನಿಂದ ಚಿನ್ನಪ್ಪ ಕೈಸನ್ನೆ ಮಾಡಿ ಫಾದರನ್ನು ಹತ್ತಿರ ಕರೆದ. ಮಾಡಿದ ತಪ್ಪುಗಳನ್ನು ಫಾದರ್ ಒಬ್ಬರಿಗೇ ಹೇಳಿಕೊಳ್ಳುವ ಪಾಪನಿವೇದನೆಯ ಹೊತ್ತಿನಲ್ಲಿ ಮನೆಯವರೂ ನಾವೂ ಹೊರಗೆ ಹೋಗಬೇಕು, ಅದು ಕಟ್ಟುನಿಟ್ಟು. ನಾನು, ಶಾಂತವ್ವ ಅಂಗಳದಲ್ಲಿ ಕುಳಿತೆವು. ಇಪ್ಪತ್ತು ವರ್ಷದ ಗಂಟು ಬಿಚ್ಚಲು ಅರ್ಧ ಗಂಟೆಯಾದರೂ ಬೇಕು ಎಂದು ನನ್ನ ಲೆಕ್ಕ. ಅವಳು ಶೇಂಗಾ ಸುಲಿಯತೊಡಗಿದಳು.

"ಮೂರು ತಿಂಗಳಾತು ಮಲಗಿ. ಫಾದರನ್ನ ಕರಸ್ಲೇನು ಅಂದ್ರ ಕಣ್ಣು ಕಿಸೀತಿದ್ದ. ಹಿಂಗ ಹೋಗಿಬಿಟ್ರ ಹೆಂಗಪಾ ಅಂತ ನಿನ್ನಿ ರಾತ್ರಿ ಎಲ್ಲಾ ಅತ್ತೇನಿ. ಮುಂಜಾನಿ ಇವರು ತಾವ ಬಂದ್ರು. ಒಂದು ತಾಸು ಇಬ್ಬರೂ ಮಾತಾಡಿದ್ರು. ಏನು ಮಾತಾಡಿದ್ರೋ, ನನ್ನ ಗಂಡ ನಕ್ಕಿದ್ದು ಕೇಳಿಸ್ತು. ಮಧ್ಯಾಹ್ನ ಎಣ್ಣಿ ತರತೇನಿ ಅಂತ ಹೇಳಿ ನಡಕೊಂತ ಹೋದ್ರು."

ಅವಳ ಕೈಯಲ್ಲಿ ಹತ್ತು ಕಾಯಿ ಸುಲಿದಿರಲಿಲ್ಲ, ಬಾಗಿಲು ತೆರೆಯಿತು. ಎರಡು ನಿಮಿಷವಾಗಿದ್ದರೆ ಹೆಚ್ಚು. ಹೇಳುವುದನ್ನೆಲ್ಲ ಚಿನ್ನಪ್ಪ ಮುಂಜಾನೆಯೇ ಹೇಳಿ ಮುಗಿಸಿದ್ದನೇನೋ. ಫಾದರ್ ನಮ್ಮನ್ನು ಒಳಗೆ ಕರೆದರು. ಅವರ ಮುಖ ಬಿಳಿಚಿಕೊಂಡಿತ್ತು, ಧ್ವನಿ ಮಾತ್ರ ಸ್ಥಿರವಾಗಿತ್ತು. ನಾನು ಮೇಣದಬತ್ತಿ ಹಿಡಿದೆ, ಅವರು ಹಣೆಗೆ, ಅಂಗೈಗಳಿಗೆ ತೈಲ ಹಚ್ಚಿದರು. ಶಾಂತವ್ವ ಬಿಕ್ಕತೊಡಗಿದಾಗ ಚಿನ್ನಪ್ಪ ಕಣ್ಣು ತೆರೆದು, "ಅಳತೀ ಯಾಕ? ಇವರಿಗೆ ಊಟಕ್ಕ ಹಾಕು. ಮುಂಜಾನಿ ತಿಂದಿದ್ದು ಕರಗೈತಂತ" ಎಂದ. ಅಳುತ್ತಲೇ ಅವಳು ಎದ್ದು ಒಲೆ ಹಚ್ಚಿದಳು.

ಊಟ ಮಾಡಿ ಹೊರಟೆವು. ತೀರ್ಥ ತಂದಿರಲಿಲ್ಲವಾದ್ದರಿಂದ ಹೊಸ ಮನೆಯವರ ನಲ್ಲಿಯ ನೀರಿಗೇ ಉಪ್ಪು ಬೆರೆಸಿ, ಮಂತ್ರಿಸಿ, ಫಾದರ್ ಆ ಕೆಲಸವನ್ನೂ ಮುಗಿಸಿದರು. ಚಿನ್ನಪ್ಪ ಮೂರನೆಯ ದಿನ ತೀರಿಕೊಂಡ. ಮಣ್ಣು ಮಾಡಲು ನಾವೇ ಹೋದೆವು. ಹೆಣದ ಮುಖದ ಮೇಲೆ ತಕರಾರಿನ ಗುರುತಿರಲಿಲ್ಲ.

ನಾನು ಸುಮ್ಮನಿರಲಿಲ್ಲ. ಆ ಬೆಳಿಗ್ಗೆ ಬೇರೆ ಯಾವ ಫಾದರಾದರೂ ಆ ಕಡೆ ಹೋಗಿದ್ದರೇ ಎಂದು ವಿಚಾರಿಸಿದೆ. ಯಾರೂ ಹೋಗಿರಲಿಲ್ಲ. ನಿದ್ದೆಗೆಟ್ಟ ಹೆಂಗಸಿಗೆ ಏನೋ ಕಂಡಿರಬೇಕು ಎನ್ನೋಣವೆಂದರೆ ದಾವಲಸಾಬರೂ ಕಂಡಿದ್ದರು. "ಉದ್ದನ ಮನಷ್ಯಾ, ಇವರನ್ನ ಬಿಟ್ಟು ಇನ್ನೊಬ್ಬ ಇರತಾನೇನ್ರಿ?" ಎಂದು ನನ್ನನ್ನೇ ಕೇಳಿದರು.

ಫಾದರನ್ನೂ ಎಷ್ಟೋ ಸಲ ಕೇಳಿದೆ. ಬಾಗಿಲಲ್ಲಿ ಹೇಗೆ ಬಗ್ಗಿದಿರಿ ಎಂದರೆ, "ಗೊತ್ತಿಲ್ಲೋ" ಎನ್ನುತ್ತಿದ್ದರು. ಚಿನ್ನಪ್ಪ ಏನಂದ ಎಂದರೆ ಮಾತು ಬದಲಿಸುತ್ತಿದ್ದರು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಕತ್ತು ಕೊಯ್ದರೂ ಹೇಳುವಂತಿಲ್ಲ. ಕಡೆಗೆ ಆಸ್ಪತ್ರೆಯಲ್ಲಿ, ಇನ್ನು ಹೆಚ್ಚು ದಿನವಿಲ್ಲ ಎಂದು ಇಬ್ಬರಿಗೂ ತಿಳಿದಿದ್ದಾಗ, ಮತ್ತೆ ಕೇಳಿದೆ. ಅವರು ನಕ್ಕರು. "ನನಗ ಗೊತ್ತಿರೂದು ಅರ್ಧ, ಅದನ್ನ ಹೇಳಂಗಿಲ್ಲ. ಇನ್ನರ್ಧ ನನಗೂ ಗೊತ್ತಿಲ್ಲ. ಒಂದೀಟು ನೀರು ಕೊಡು."

ಅವರನ್ನು ಮಣ್ಣು ಮಾಡುವ ದಿನ ಶಾಂತವ್ವ ಬಸ್ಸು ಹಿಡಿದು ಬಂದಿದ್ದಳು. ಅಷ್ಟರಲ್ಲಿ ಬಹಳ ಮುದುಕಿಯಾಗಿದ್ದಳು. ಶವಪೆಟ್ಟಿಗೆಯ ಪಕ್ಕ ನಿಂತು ಮುಖವನ್ನು ಬಹಳ ಹೊತ್ತು ನೋಡಿದಳು. ನನಗೆ ತಡೆಯಲಾಗಲಿಲ್ಲ. "ಯವ್ವಾ, ಖರೇನ ಹೇಳು, ಆವತ್ತ ಮುಂಜಾನಿ ಬಂದವರು ಇವರ ಏನು?" ಎಂದೆ.

ಅವಳು ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದಳು. "ಮತ್ಯಾರೋ? ನನ್ನ ಕೈಲೇ ಬಡಿಸಿದವರ ಮಾರಿ ನನಗ ಗೊತ್ತಾಗಂಗಿಲ್ಲೇನು?"

ಇಲ್ಲವ್ವ, ಆ ಹೊತ್ತಿನಲ್ಲಿ ಅವರು ಗದಗಿನಲ್ಲಿ ನನ್ನ ಎದುರಿಗೇ ಕುಳಿತು ಚಹಾ ಕುಡಿಯುತ್ತಿದ್ದರು ಎನ್ನಲು ಬಾಯಿ ತೆರೆದೆ. ಹೇಳಲಿಲ್ಲ. ಅವರು ಎಲ್ಲಿದ್ದರು, ಎಲ್ಲಿರಲಿಲ್ಲ ಎಂದು ಖಚಿತವಾಗಿ ಹೇಳುವ ಧೈರ್ಯ ಆ ಪೆಟ್ಟಿಗೆಯ ಮುಂದೆ ನನಗಿರಲಿಲ್ಲ. ಇವತ್ತಿಗೂ ಇಲ್ಲ.