ಹೊಸ ಕೊಠಡಿಯಲ್ಲಿ ಕೂತ ಮಕ್ಕಳು

ನಿಮ್ಮ ಕೆಲಸ ಕಳೆದವನು ನಾನೇ, ನಂಜುಂಡಯ್ಯ ಮೇಷ್ಟ್ರೇ. ಸರ್ಕಾರವಲ್ಲ, ಹಣೆಬರಹವಲ್ಲ — ನಾನು.

ಮುಳಬಾಗಿಲಿನ ಹುಣಸೆ ಮಂಡಿಯ ವರ್ತಕರೆಲ್ಲ ಸೇರಿ ಸರ್ಕಾರಿ ಶಾಲೆಗೆ ಹೊಸ ಕೊಠಡಿ ಕಟ್ಟಿಸಿದೆವು. ಸೋರುವ ಸೂರಿನಡಿ ಪಾಠ ಹೇಳುತ್ತಿದ್ದ ನೀವೇ ಅಂಗಡಿ ಅಂಗಡಿ ತಿರುಗಿ ನಮ್ಮನ್ನು ಒಪ್ಪಿಸಿದ್ದಿರಿ. ನನ್ನ ಮಗನಿಗೆ ಓದು ಹತ್ತಿಸಿದವರೂ ನೀವೇ. ಕೊಠಡಿ ತೆರೆದ ದಿನ, ಅದುವರೆಗೆ ಜಗಲಿಯಲ್ಲಿ ಕೂರುತ್ತಿದ್ದ ಹರಿಜನ ಕೇರಿಯ ಮಕ್ಕಳನ್ನು ಕೈಹಿಡಿದು ಒಳಗೆ ಕರೆದಿರಿ. ನಮ್ಮ ಮಕ್ಕಳ ಪಕ್ಕದಲ್ಲೇ ಕೂರಿಸಿದಿರಿ.

ಮಂಡಿ ಕುದಿಯಿತು. ಅವರನ್ನು ಎಬ್ಬಿಸಿ ಎಂದು ಹೇಳಲು ನನ್ನನ್ನೇ ಕಳಿಸಿದರು. ನೀವು ಸೀಮೆಸುಣ್ಣ ಕೂಡ ಕೆಳಗಿಡಲಿಲ್ಲ.

"ಗೋಡೆ ನಿಮ್ದೇ ಇರ್ಬೋದು ಶೆಟ್ರೇ, ಶಾಲೆ ಎಲ್ಲಾರ್ದು. ಬೇಕಾದ್ರೆ ಗೋಡೆ ಕಿತ್ಕೊಂಡೋಗಿ, ನಾನು ಮರದ ಕೆಳಗೆ ಪಾಠ ಮಾಡ್ತೀನಿ."

ನೀವಂದದ್ದು ಸರಿಯೆಂದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ —

ಸರ್ಕಾರಿ ಶಾಲೆಯೊಳಗೆ ಎಲ್ಲ ಜಾತಿಯ ಮಕ್ಕಳೂ ಕೂರಬಹುದೆಂಬ ಕಾಯ್ದೆ ನಿಮ್ಮ ಕಡೆಗಿತ್ತು. ಆ ದಾರಿಯಲ್ಲಿ ನಿಮ್ಮನ್ನು ಮುಟ್ಟುವಂತಿರಲಿಲ್ಲ. ಆದರೆ ಅದು ಸ್ವಾತಂತ್ರ್ಯ ಚಳವಳಿಯ ಕಾಲ, ಖಾದಿ ಕಂಡರೂ ಅಧಿಕಾರಿಗಳು ಬೆಚ್ಚುತ್ತಿದ್ದರು. ಶಾಲೆಯ ತಪಾಸಣೆಗೆ ಕೋಲಾರದಿಂದ ಬಂದಿದ್ದ ಇನ್ಸ್‌ಪೆಕ್ಟರನ್ನು ಹಾಲು ಹಣ್ಣಿಗೆಂದು ಮನೆಗೆ ಕರೆದೆ. ಲೋಟ ಮುಂದಿಡುತ್ತ ಅಂದೆ: "ನಮ್ಮ ಮೇಷ್ಟ್ರು ತಲೆ ತಪ್ಪಿಸ್ಕೊಂಡಿರೋ ಚಳವಳಿಯೋರ್ಗೆ ಮನೇಲಿ ಜಾಗ ಕೊಟ್ಟವ್ರೆ ಸ್ವಾಮಿ."

ಹಸಿ ಸುಳ್ಳು. ಅಷ್ಟು ಸಾಕಾಯಿತು. ನಿಮ್ಮನ್ನು ಕೆಲಸದಿಂದ ತೆಗೆದರು. ಕೇರಿಯ ಮಕ್ಕಳು ಮತ್ತೆ ಜಗಲಿಗೆ ಬಂದರು. ಆಮೇಲೆ ಅಲ್ಲಿಗೂ ಬರಲಿಲ್ಲ. ಶಾಲೆ ಉಳಿಸಿದ ಪುಣ್ಯಾತ್ಮನೆಂದು ಮಂಡಿಯವರು ನನಗೆ ಹಾರ ಹಾಕಿದರು — ಕತ್ತು ಬಗ್ಗಿಸಿ ಹಾಕಿಸಿಕೊಂಡೆ.

ನನ್ನ ಮಗ ಮಾತ್ರ ಮೇಷ್ಟ್ರು ಬೇಕೆಂದು ಊಟ ಬಿಟ್ಟು ಅತ್ತ. ಅವನ ಬಾಯಿ ಮುಚ್ಚಿಸಲು ಇನ್ನೊಂದು ಸುಳ್ಳು ಹೇಳಿದೆ.

ಆ ಸುಳ್ಳು ಎಲ್ಲಿಯವರೆಗೆ ನಡೆದು ಹೋಗಿತ್ತೆಂದು ತಿಳಿದದ್ದು ಸ್ವಾತಂತ್ರ್ಯ ಬಂದ ಮೇಲೆ, ವ್ಯಾಪಾರಕ್ಕೆಂದು ಯಲ್ದೂರಿಗೆ ಹೋದಾಗ. ನೀವು ಯಾರದೋ ಮಾವಿನ ತೋಪು ಕಾಯುತ್ತಿದ್ದಿರಿ. ನಾನು ಮುಖ ತಪ್ಪಿಸಿ ತಿರುಗಿದೆ. ನೀವೇ ಓಡಿಬಂದು ನನ್ನೆರಡೂ ಕೈ ಹಿಡಿದಿರಿ.

"ಊರೆಲ್ಲಾ ತಿರುಗಿಬಿದ್ದಾಗ ನೀವೊಬ್ರೇ ಇನ್ಸ್‌ಪೆಕ್ಟರನ್ನ ಮನೆಗೆ ಕರ್ದು ನನಗೋಸ್ಕರ ಬೇಡ್ಕೊಂಡ್ರಂತೆ. ನಾನು ಊರು ಬಿಡೋ ದಿನ ನಿಮ್ಮ ಹುಡುಗ ಬಂದು ಹೇಳ್ದ. ನನ್ನಾಕೆ ಸಾಯೋವರ್ಗೂ ನಿಮ್ಮ ಹೆಸರಲ್ಲಿ ದೀಪ ಹಚ್ತಿದ್ಲು ಶೆಟ್ರೇ."

ಆಗಲಾದರೂ ಬಾಯಿಬಿಡಬಹುದಿತ್ತು. ತೋಪಿನಲ್ಲಿ ನಾವಿಬ್ಬರೇ ಇದ್ದೆವು. ನಾನು ನೆಲ ನೋಡುತ್ತ ಅಂದೆ:

"ನನ್ನ ಕೈಲಾದದ್ದು ಮಾಡ್ದೆ, ಮೇಷ್ಟ್ರೇ."

ಅದನ್ನೂ ನೀವು ವಿನಯವೆಂದೇ ತಿಳಿದಿರಿ.