ಬೆದರಿದ ಕುರಿಯ ಹಿಂದೆ ಓಡಬಾರದು

ಎಪ್ಪತ್ತರ ದಶಕದ ನಡುವಿನಲ್ಲಿ ನಾವು ಮಾರಿಕಣಿವೆಯ ನೀರಾವರಿ ಕ್ವಾರ್ಟರ್ಸಿನಲ್ಲಿದ್ದೆವು. ಮಗಳಿಗೆ ಆಗ ಐದು ವರ್ಷ. ಮಲಗಿ ಎರಡು ಗಂಟೆಯಾಗುವಷ್ಟರಲ್ಲಿ ಕಿಟಾರನೆ ಕಿರುಚಿ ಎದ್ದು ಕೂರುತ್ತಿದ್ದಳು. ಕಣ್ಣು ತೆರೆದೇ ಇರುತ್ತಿತ್ತು, ಆದರೆ ಆ ಕಣ್ಣಿಗೆ ನಾನು ಕಾಣುತ್ತಿರಲಿಲ್ಲ. ಎತ್ತಿಕೊಂಡರೆ ನನ್ನನ್ನೇ ಒದ್ದು ತಳ್ಳಿ, ಬಾಗಿಲ ಕಡೆ ನೋಡುತ್ತಾ "ಅಮ್ಮಾ, ಅಮ್ಮಾ" ಎಂದು ಅಳುತ್ತಿದ್ದಳು. ನನ್ನ ತೋಳಿನಲ್ಲಿದ್ದುಕೊಂಡೇ ನನ್ನನ್ನು ಹುಡುಕುತ್ತಿದ್ದಳು.

ನಾನು ಚಿಕ್ಕಂದಿನಲ್ಲಿದ್ದ ದುರ್ಗದ ಕಾನ್ವೆಂಟ್ ಹಾಸ್ಟೆಲಿನಲ್ಲಿ ನಮಗೆ ಕೆಟ್ಟ ಕನಸು ಬಿದ್ದರೆ ಸಿಸ್ಟರ್ ದೀಪ ಹಾಕಿ, ಎಬ್ಬಿಸಿ, ತಣ್ಣೀರಲ್ಲಿ ಮುಖ ತೊಳೆಸುತ್ತಿದ್ದರು. ನಾನೂ ಅದನ್ನೇ ಶ್ರದ್ಧೆಯಿಂದ ಮಾಡಿದೆ. ಸ್ಟೀಲ್ ಚೊಂಬಿನಲ್ಲಿ ನೀರು, ಮಡಿಚಿದ ಟವೆಲ್ಲು ಸಂಜೆಯೇ ತಲೆದೆಸೆಯಲ್ಲಿ ಸಿದ್ಧ. ಮುಖಕ್ಕೆ ನೀರು ತಾಗಿದ್ದೇ ಚೀರಾಟ ಇಮ್ಮಡಿಯಾಗುತ್ತಿತ್ತು. ಬೆಳಗ್ಗೆ ಅವಳಿಗೆ ಒಂದೂ ನೆನಪಿಲ್ಲ. ಒದ್ದೆ ಲಂಗ ಮುಟ್ಟಿ ನೋಡಿಕೊಂಡು, "ನಾನ್ ಉಚ್ಚೆ ಹೊಯ್ಕೊಂಡಿಲ್ಲಮ್ಮ" ಎಂದು ಅಳುಮುಖ ಮಾಡುತ್ತಿದ್ದಳು.

ನಮಗೆ ಮೊಸರು ತಂದುಕೊಡುತ್ತಿದ್ದ ಅಜ್ಜಿ ಕುರಿ ಕಾಯುವ ಮನೆಯವಳು. ಒಂದು ಬೆಳಗ್ಗೆ ನಿದ್ದೆಗೆಟ್ಟ ನನ್ನ ಮುಖ ನೋಡಿ ಕೇಳಿದಳು:

"ಯಾಕ್ ತಾಯಿ, ಕಣ್ಣು ಹಿಂಗಾಗ್ಯಾವೆ? ಸಾಹೇಬ್ರು ಬೈದ್ರಾ?"

ಎಲ್ಲ ಹೇಳಿದೆ. ಅಜ್ಜಿ ಬಾಯಿಗೆ ಸೆರಗು ಒತ್ತಿ ನಕ್ಕಳು.

"ನಿದ್ದೆಗಣ್ಣಿನ ಕೂಸಿಗೆ ನೀರ್ ಹೊಡೆದ್ರೆ ಬೆದರ್ದೆ ಇರ್ತೈತಾ? ಓದಿದ್ ಮಂದಿ ನೀವು! ರಾತ್ರಿ ಕುರಿ ಕೂಡೋ ರೊಪ್ಪದಾಗೆ ಅವು ಬೆದರಿದ್ರೆ ನಾವು ಹಿಂದೆ ಓಡಲ್ಲ, ಹಿಡಿಯಲ್ಲ, ದೀಪಾನೂ ತೋರ್ಸಲ್ಲ. ಬೇಲಿ ಮುಳ್ಳಿಗೆ ಬೀಳದಂಗೆ ಅಡ್ಡ ಕುಂತ್ಕಂಡು, ದಿನಾ ಕರೆಯೋ ದನೀಲೇ ಕರೀತೀವಿ. ತಾವಾಗೇ ಮಲಗ್ತಾವೆ."

"ನಾನು ಕುರಿ ಕರೆಯೋ ದನಿ ಮಾಡ್ಲಾ ಅಜ್ಜಿ?"

"ಅಯ್ಯ! ಕೂಸಿಗೆ ದಿನಾ ಏನ್ ಅಂತೀರೋ ಅದನ್ನೇ ಅನ್ರಿ."

ನನ್ನವರಿಗೆ ಹೇಳಿದರೆ, "ಮಗಳನ್ನ ರೊಪ್ಪಕ್ಕೆ ಸೇರಿಸಿದ್ರಾ ಇಬ್ರೂ?" ಎಂದು ನಕ್ಕರು. ಆದರೂ ಅವಳ ಹಾಸಿಗೆಯನ್ನು ಮಂಚದಿಂದ ನೆಲಕ್ಕಿಳಿಸಿ, ಮೂಲೆ ಚೂಪಾದ ಟ್ರಂಕನ್ನು ದೂರ ಸರಿಸಿದರು.

ಆ ರಾತ್ರಿಯೂ ಕಿರುಚಿ ಎದ್ದಳು. ತಾವಾಗಿ ಮುಂದೆ ಹೋದ ನನ್ನ ಕೈಗಳನ್ನು ಮಡಿಲಲ್ಲಿ ಒತ್ತಿ ಹಿಡಿದು, ಬಾಗಿಲಿಗೆ ಅಡ್ಡ ಕೂತೆ. ದಿನಾ ಏನು ಹೇಳುತ್ತೇನೆ? ಮುದ್ದಿನ ಮಾತು ಒಂದೂ ನೆನಪಾಗಲಿಲ್ಲ. ಬಾಯಿಗೆ ಬಂದದ್ದು ಬೆಳಗಿನ ಮಾತು: "ತಲೆ ಬಗ್ಗಿಸು ಪುಟ್ಟಿ. ಅಲ್ಲಾಡಬೇಡ, ಬೈತಲೆ ಸೊಟ್ಟ ಆಗುತ್ತೆ. ರಿಬ್ಬನ್ ಎಲ್ಲಿಟ್ಟೆ?" ಅದನ್ನೇ ಮೆಲ್ಲಗೆ, ಎಷ್ಟು ಸಲವೋ, ಹೇಳುತ್ತಾ ಹೋದೆ.

ಚೀರಾಟ ಬಿಕ್ಕುವಿಕೆಗೆ ಇಳಿಯಿತು. ಆಮೇಲೆ ಕತ್ತಲಲ್ಲಿ ತೆವಳಿಕೊಂಡು ಬಂದು, ನನಗೆ ಬೆನ್ನು ಮಾಡಿ ಕೂತು, ತಲೆ ಬಗ್ಗಿಸಿದಳು. ಎಚ್ಚರವಿರಲಿಲ್ಲ ಅವಳಿಗೆ. ಬಾಚಣಿಗೆಯಿಲ್ಲದೆ ಬೆರಳಲ್ಲೇ ಜಡೆ ಹೆಣೆದೆ. ಮುಗಿಯುವ ಮೊದಲೇ ನನ್ನ ಮೊಣಕಾಲಿಗೆ ಒರಗಿದ್ದಳು.

ಆ ಕಿರುಚಾಟ ಪೂರ್ತಿ ನಿಲ್ಲಲು ಇನ್ನೂ ಆರೇಳು ತಿಂಗಳು ಹಿಡಿಯಿತು. ಚೊಂಬು ಮಾತ್ರ ಮಾರನೆಯ ದಿನವೇ ಅಡಿಗೆಮನೆಗೆ ವಾಪಸಾಯಿತು.